ಯಾರ ತಾತ, ಯಾರ ಆಸ್ತಿ

ಅಮೆರಿಕದವರಿಗೆ ಪೂರ್ವಿಕರ ಹುಚ್ಚು ಜಾಸ್ತಿ. ಲೇವಡಿ ಮಾಡಲು ಈ ಮಾತು ಹೇಳುತ್ತಿಲ್ಲ. ಆ ಹುಚ್ಚಿನ ಹಿಂದಿರುವ ಶಿಸ್ತು ಕಂಡರೆ ನನಗೆ ಗೌರವವೇ. ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಹಿಸ್ಟಾರಿಕ್ ಜೀನಿಯಲಾಜಿಕಲ್ ಸೊಸೈಟಿ ಶುರುವಾದದ್ದು 1845ರಲ್ಲಿ. ಸ್ವಾತಂತ್ರ್ಯ ಯುದ್ಧಕ್ಕೆ ದುಡಿದವರ ವಂಶದ ಹೆಣ್ಣುಮಕ್ಕಳ ಸಂಘ 1890ರಲ್ಲಿ ಬಂತು, 1620ರಲ್ಲಿ ಮೇಫ್ಲವರ್ ಹಡಗು ಹತ್ತಿ ಬಂದವರ ವಂಶಜರ ಸಂಘ 1897ರಲ್ಲಿ. ಇವುಗಳೊಳಗೆ ಕಾಲಿಡಬೇಕಾದರೆ 'ನಮ್ಮಜ್ಜಿ ಹೇಳ್ತಿದ್ರು' ಅನ್ನುವುದು ನಡೆಯುವುದಿಲ್ಲ. ತಲೆಮಾರು ತಲೆಮಾರಿಗೂ ಕಾಗದ ತೋರಿಸಬೇಕು. ನಮ್ಮಲ್ಲಿ ಗೋತ್ರ ಪ್ರವರವನ್ನು ಗಟ್ಟಿ ದನಿಯಲ್ಲಿ ಹೇಳಿದರೆ ಸಾಕು, ಯಾರೂ ರಸೀದಿ ಕೇಳುವುದಿಲ್ಲ!

ಅಮೆರಿಕ ಇನ್ನೂ ಇಂಗ್ಲೆಂಡಿನ ವಸಾಹತಾಗಿದ್ದ ಕಾಲದ ಪೂರ್ವಿಕರನ್ನು ಹುಡುಕುವವರಿಗೆ ಸಿಗುವ ಕಾಗದಗಳಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಉಯಿಲು. ಚರ್ಚಿನ ಪುಸ್ತಕಗಳು ಅರ್ಧಂಬರ್ಧ. ಎಷ್ಟೋ ಊರುಗಳಲ್ಲಿ ಜನನ ಮರಣ ಬರೆದಿಡುವವರೇ ಇರಲಿಲ್ಲ. ಮದುವೆಯಾದ ಹೆಣ್ಣುಮಗಳ ಹೆಸರಂತೂ ಗಂಡನ ಹೆಸರಿನೊಳಗೆ ಕರಗಿ ಹೋಗುತ್ತಿತ್ತು. ಅಂಥ ಕಡೆ ಯಾವನೋ ಒಬ್ಬ ರೈತ ಸಾಯುವ ಮುಂಚೆ 'ಇಂಥವನ ಹೆಂಡತಿಯಾದ ನನ್ನ ಮಗಳು ಮೇರಿಗೆ ಒಂದು ಹಸು' ಅಂತ ಬರೆಸಿಟ್ಟರೆ, ಮುನ್ನೂರು ವರ್ಷದ ನಂತರ ಅದೇ ಒಂದು ಸಾಲು ಎರಡು ಮನೆತನಗಳನ್ನು ಜೋಡಿಸುವ ಸೇತುವೆ. ಹಸು ಎಂದೋ ಸತ್ತು ಹೋಗಿದೆ, ಸಂಬಂಧ ಉಳಿದಿದೆ.

ಕೆಲವು ಸಮಯದಿಂದ ಇಂಥ ಉಯಿಲುಗಳನ್ನೂ, ಅವುಗಳನ್ನು ಆಧಾರ ಮಾಡಿಕೊಂಡು ಬರೆದ ಮನೆತನದ ಪುಸ್ತಕಗಳನ್ನೂ ಓದುತ್ತಿದ್ದೇನೆ. ಓದುತ್ತಾ ಹೋದ ಹಾಗೆ ಒಂದು ತಕರಾರು ಬೆಳೆಯಿತು, ಅದನ್ನು ಹೇಳುವುದಕ್ಕೇ ಈ ಬರಹ. ವಂಶ ಹುಡುಕುವವರು ಉಯಿಲನ್ನು ವಾರಸುದಾರರ ಹಾಗೆ ಓದುತ್ತಾರೆ. ತಮ್ಮ ತಾತನ ಹೆಸರು ಸಿಕ್ಕಿದ ಕೂಡಲೇ ಪುಟ ಮಗುಚುತ್ತಾರೆ. ಅದೇ ಪುಟದಲ್ಲಿ, ಹಸುವಿಗೂ ಹಾಸಿಗೆಗೂ ನಡುವೆ, ಆಸ್ತಿಯಾಗಿ ಹಂಚಿಹೋದ ಮನುಷ್ಯರ ಹೆಸರುಗಳೂ ಇರುತ್ತವೆ. ಅವರಿಗೂ ಮೊಮ್ಮಕ್ಕಳಿದ್ದಾರೆ, ಆ ಮೊಮ್ಮಕ್ಕಳೂ ಇವತ್ತು ಹುಡುಕುತ್ತಿದ್ದಾರೆ. ಇಬ್ಬರೂ ಓದಬೇಕಾದದ್ದು ಒಂದೇ ಕಾಗದ. ಆದರೆ ಒಬ್ಬರಿಗೆ ಅದು ಮನೆಯ ಪತ್ರ, ಇನ್ನೊಬ್ಬರಿಗೆ ಮಾರಾಟದ ಚೀಟಿ.

ಹಾಗಂತ ವಾರಸುದಾರರ ಓದು ಸುಲಭದ್ದು ಅಂದುಕೊಳ್ಳಬೇಡಿ. ಹಳೆಯ ಉಯಿಲಿನ ಭಾಷೆ ನಮ್ಮನ್ನು ಗುಂಡಿಗೆ ಬೀಳಿಸಲೆಂದೇ ಹುಟ್ಟಿದ ಹಾಗಿದೆ. 'ನನ್ನ ಈಗಿನ ಹೆಂಡತಿ' ಎಂದು ಬರೆದಿದ್ದರೆ 'ಓಹೋ, ಹಿಂದೆ ಇನ್ನೊಬ್ಬಳಿದ್ದಳು' ಅಂತ ನಾವು ತೀರ್ಮಾನಿಸುತ್ತೇವೆ. ಬರೆದವನ ಉದ್ದೇಶ ಬೇರೆ. ಈಕೆ ಸತ್ತು ತಾನು ಮತ್ತೊಬ್ಬಳನ್ನು ಕಟ್ಟಿಕೊಂಡರೆ ಆ ಪಾಲು ಮುಂದೆ ಬರುವವಳಿಗೆ ಹೋಗಬಾರದು, ಇವಳಿಗೇ ಅಂತ ಗೆರೆ ಎಳೆಯುವುದಕ್ಕೆ ಆ ಪದ. 'ಕಸಿನ್' ಅಂದರೆ ಅಂದಿನ ಕಾಲಕ್ಕೆ ಅಣ್ಣತಮ್ಮಂದಿರ ಮಕ್ಕಳೂ ಆಗಬಹುದು. 'ಸನ್-ಇನ್-ಲಾ' ಅಂದರೆ ಅಳಿಯನೂ ಹೌದು, ಹೆಂಡತಿಯ ಮೊದಲ ಗಂಡನ ಮಗನೂ ಹೌದು. ಹಿರಿಯ ಜಾನ್, ಕಿರಿಯ ಜಾನ್ ಅಂದರೆ ಅಪ್ಪ ಮಗ ಇರಲೇಬೇಕಿಲ್ಲ, ಒಂದೇ ಊರಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೂ ಸಾಕು. ಮಗನೊಬ್ಬನಿಗೆ ಬರೀ ಒಂದು ಶಿಲಿಂಗ್ ಬಿಟ್ಟಿದ್ದರೆ ಅಪ್ಪನಿಗೆ ಅವನ ಮೇಲೆ ಸಿಟ್ಟು ಅಂತ ಕಥೆ ಕಟ್ಟುತ್ತೇವೆ. ಬಹಳ ಸಲ ಆ ಮಗ ಮದುವೆಯ ಹೊತ್ತಿಗೇ ತನ್ನ ಪಾಲಿನ ಹೊಲ ತೆಗೆದುಕೊಂಡು ಬೇರೆಯಾಗಿರುತ್ತಾನೆ. ಅವನನ್ನು ಮರೆತಿಲ್ಲ ಅಂತ ತೋರಿಸಿ, ಮುಂದೆ ಅವನು ವ್ಯಾಜ್ಯ ಹೂಡದಂತೆ ಬಾಗಿಲು ಹಾಕುವುದಕ್ಕೆ ಆ ಒಂದು ಶಿಲಿಂಗ್.

ತಾರೀಖಿನ ಕಥೆ ಇನ್ನೂ ಸೊಗಸು. 1752ರವರೆಗೆ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹೀಗಾಗಿ ಜಾರ್ಜ್ ವಾಷಿಂಗ್ಟನ್ ಹುಟ್ಟಿದ ದಿನ ಹಳೆಯ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರವರಿ 22. ದೇಶದ ಮೊದಲ ಅಧ್ಯಕ್ಷನಿಗೇ ಹೀಗಾದರೆ ಸಾಮಾನ್ಯ ಕಮ್ಮಾರನ ಮಗನ ಗತಿ? ಈ ಲೆಕ್ಕ ಗೊತ್ತಿಲ್ಲದವರ ವಂಶವೃಕ್ಷದಲ್ಲಿ ಅಪ್ಪ ಅಮ್ಮನ ಮದುವೆಗೆ ಮುಂಚೆ ಹುಟ್ಟಿದ ಮಕ್ಕಳು, ಅಪ್ಪ ಸತ್ತು ವರ್ಷವಾದ ಮೇಲೆ ಹುಟ್ಟಿದ ಮಕ್ಕಳು ಸಾಲಾಗಿ ನಿಂತಿರುತ್ತಾರೆ.

ಇಂಥ ಕಡೆ ಮೋಸಕ್ಕೂ ಜಾಗ ಇದ್ದೇ ಇರುತ್ತದೆ. ಗುಸ್ತಾವ್ ಆಂಜು ಎಂಬ ಸ್ವೀಡನ್ ಮೂಲದ ಆಸಾಮಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ ಕೂತು ಹಣವಂತರಿಗೆ ವಂಶಾವಳಿ ಮಾಡಿಕೊಡುತ್ತಿದ್ದ. ಒಂದಷ್ಟು ನಿಜವಾದ ದಾಖಲೆ, ಅದರ ಜೊತೆ ತಾನೇ ಹುಟ್ಟಿಸಿದ ಒಂದಷ್ಟು, ಎರಡನ್ನೂ ಹದವಾಗಿ ಬೆರೆಸಿ ಯಾರನ್ನು ಬೇಕಾದರೂ ಇಂಗ್ಲೆಂಡಿನ ಕುಲೀನರ ಮನೆ ಬಾಗಿಲಿಗೆ ಕರೆದೊಯ್ದು ನಿಲ್ಲಿಸುತ್ತಿದ್ದ. ಇದಕ್ಕೆ ಮದ್ದು ಅರೆದವರಲ್ಲಿ ಮುಖ್ಯನಾದವನು ಡೊನಾಲ್ಡ್ ಲೈನ್ಸ್ ಜೇಕಬಸ್. 1922ರಲ್ಲಿ ಅವನು ಆರಂಭಿಸಿದ ಪತ್ರಿಕೆ ಮುಂದೆ 'ದಿ ಅಮೆರಿಕನ್ ಜೀನಿಯಾಲಜಿಸ್ಟ್' ಆಯಿತು. ಮೂಲ ಕಾಗದ ನೋಡದೆ ಒಂದು ಹೆಸರನ್ನೂ ಮುಂದಿನ ಹೆಸರಿಗೆ ಗಂಟು ಹಾಕಬೇಡಿ ಎಂಬುದು ಆ ಪಂಥದ ಪಾಠ. ಈ ಪಾಠ ನಮ್ಮ ಸಾಹಿತ್ಯ ವಿಮರ್ಶೆಗೂ ಒಳ್ಳೆಯದು ಅಂತ ನನಗೆ ಆಗಾಗ ಅನ್ನಿಸುತ್ತದೆ, ಇರಲಿ.

ಹೆಸರಿಗಾಗಿ ಬಗೆದು ನೋಡುವುದನ್ನು ಬಿಟ್ಟು ಉಯಿಲನ್ನೇ ಒಂದು ಬರಹ ಅಂತ ಓದಿದರೆ ಅದು ಬೇರೆಯೇ ಮಾತಾಡುತ್ತದೆ. ರಾಬರ್ಟ್ ಕೀನ್ ಎಂಬ ಬಾಸ್ಟನ್ ವ್ಯಾಪಾರಿಯ ಉಯಿಲು ನೋಡಿ. 1639ರಲ್ಲಿ ಸರಕಿಗೆ ಹೆಚ್ಚು ಬೆಲೆ ಹಾಕಿದನೆಂದು ಅವನಿಗೆ 200 ಪೌಂಡ್ ದಂಡ ಬಿತ್ತು, ಆಮೇಲೆ ಅದನ್ನು 80ಕ್ಕೆ ಇಳಿಸಿದರು. ಚರ್ಚಿನಲ್ಲಿ ಎಲ್ಲರೆದುರು ನಿಂತು ತಪ್ಪಾಯಿತು ಅನ್ನಬೇಕಾಗಿ ಬಂತು. ಆ ಅವಮಾನವನ್ನು ಆತ ಹದಿನಾಲ್ಕು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡು, 1653ರಲ್ಲಿ ಉಯಿಲು ಬರೆಯಲು ಕೂತ. ಬರೆದ, ಬರೆದ, 158 ಪುಟ ಬರೆದ. ಮೊಳೆಗೆ ಎಷ್ಟು ಅಸಲು, ತಾನು ಎಷ್ಟಕ್ಕೆ ಮಾರಿದ, ಯಾಕೆ ಅದು ಅನ್ಯಾಯವಲ್ಲ, ಎಲ್ಲವನ್ನೂ ಸಾವಿನ ಕಾಗದದಲ್ಲಿ ವಾದಿಸಿದ. ಊರಿಗೊಂದು ಟೌನ್ ಹೌಸ್ ಕಟ್ಟಲು ಹಣವನ್ನೂ ಬಿಟ್ಟ. ತನ್ನನ್ನು ಅವಮಾನಿಸಿದ ಊರಿಗೇ ದಾನ, ಅದರ ಜೊತೆಗೆ ಊರಿನ ಮೇಲೆ ದೂರು! ಅಮೆರಿಕದ ಇಂಗ್ಲಿಷ್ ಬರಹದ ಮೊದಲ ಆತ್ಮಕಥೆಗಳ ಸಾಲಿನಲ್ಲಿ ನಾನಂತೂ ಇದನ್ನು ಇಡುತ್ತೇನೆ.

ಎಲ್ಲ ಉಯಿಲೂ ಇಷ್ಟು ಬಾಯಿಬಡುಕ ಅಲ್ಲ. ಹೆಂಗಸರ ವಿಷಯ ಬಂದಾಗ ಅದರ ಮಾತು ಚುಟುಕು. ಗಂಡನಿರುವ ಹೆಂಗಸು ಅವನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವ ಹಾಗಿಲ್ಲ. ಗಂಡ ಸತ್ತರೆ ಜಮೀನಿನ ಮೂರನೆಯ ಒಂದು ಭಾಗ ಆಕೆಗೆ, ಅದೂ ಜೀವ ಇರುವವರೆಗೆ ಮಾತ್ರ. ಮಸಾಚುಸೆಟ್ಸ್‌ನ 1641ರ ಕಾನೂನಿನಂತೆ ಉಯಿಲಿಲ್ಲದೆ ಸತ್ತವನ ಹಿರಿಮಗನಿಗೆ ಎರಡು ಪಾಲು. ಉಯಿಲು ಬರೆದವರು ವಿಧವೆಯ ಬದುಕನ್ನು ಗೇಣು ಅಳೆದು ಕೊಡುತ್ತಿದ್ದರು. ಮನೆಯ ಇಂಥ ಕೋಣೆ, ಒಲೆಯ ಬಳಕೆ, ಬಾವಿಗೆ ಹೋಗುವ ದಾರಿ, ವರ್ಷಕ್ಕೆ ಇಷ್ಟು ಸೌದೆ, ಒಂದು ಹಸು. ಜೊತೆಗೆ ಒಂದು ಷರತ್ತು: 'ನನ್ನ ವಿಧವೆಯಾಗಿ ಇರುವವರೆಗೆ.' ಇದನ್ನು ಓದುವಾಗ ಜೀವನಾಂಶದ ಕರಾರುಪತ್ರಗಳನ್ನು ಕಂಡ ನಮ್ಮವರಿಗೆ ಯಾವ ಟಿಪ್ಪಣಿಯೂ ಬೇಕಾಗದು. ಮಗನ ಮನೆಯಲ್ಲಿ ತಾಯಿಗೆ ಒಲೆ ಮುಟ್ಟುವ ಹಕ್ಕನ್ನು ಕಾಗದದಲ್ಲಿ ಬರೆಯಬೇಕಾಯಿತು ಅಂದರೆ, ಆ ಮನೆಯೊಳಗಿನ ಹವೆ ಹೇಗಿದ್ದಿರಬೇಕು!

1692ರ ಸೇಲಂನ ಒಂದು ಪ್ರಕರಣ ಇದಕ್ಕಿಂತ ಕಠೋರ. ಮಾಟದ ಆರೋಪದ ಮೇಲೆ ಜಾನ್ ಪ್ರಾಕ್ಟರ್, ಅವನ ಹೆಂಡತಿ ಎಲಿಜಬೆತ್ ಇಬ್ಬರಿಗೂ ಮರಣದಂಡನೆ ಆಯಿತು. ಆಕೆ ಬಸುರಿ ಅಂತ ಅವಳ ಶಿಕ್ಷೆ ತಡೆದರು, ಅವನನ್ನು ಆಗಸ್ಟ್ 19ರಂದು ಗಲ್ಲಿಗೇರಿಸಿದರು. ಜೈಲಿನಲ್ಲಿದ್ದಾಗ ಆದ ಅವನ ಉಯಿಲಿನಲ್ಲಿ ಅವಳಿಗೆ ಏನೂ ಇಲ್ಲ. ಹಾವಳಿ ಮುಗಿದು ಆಕೆ ಹೊರಬಂದಳು. ಬದುಕಿದ್ದಳು, ಕೈಯಲ್ಲಿ ಕೂಸಿತ್ತು, ಆದರೆ ಶಿಕ್ಷೆಯಾದ ಕಾರಣ ಕಾನೂನಿನ ಕಣ್ಣಿನಲ್ಲಿ ಸತ್ತವಳು. ತನ್ನ ಪಾಲಿಗಾಗಿ 1696ರಲ್ಲಿ ಅರ್ಜಿ ಹಾಕಬೇಕಾಯಿತು. ಪ್ರಾಕ್ಟರ್ ವಂಶದವರು ಉಯಿಲನ್ನಷ್ಟೇ ಹಿಡಿದು ಮರ ಬರೆದರೆ ಆ ಹೆಂಗಸು ಮರದಲ್ಲೇ ಇರುವುದಿಲ್ಲ. ಅರ್ಜಿಯನ್ನೂ ಓದಿದವರಿಗೆ ಮಾತ್ರ ಆಕೆ ಸಿಗುತ್ತಾಳೆ. ಉಯಿಲಿನಲ್ಲಿ ಇಲ್ಲದವರೂ ಆ ಮನೆಯಲ್ಲಿ ಇದ್ದರು ಎಂಬುದು ಮರೆಯಬಾರದ ಮೊದಲ ವಿಷಯ.

ಮರೆಯಬಾರದ ಎರಡನೆಯ ವಿಷಯ ಉಯಿಲಿನ ಜೊತೆ ಬರುವ ಆಸ್ತಿಪಟ್ಟಿಯಲ್ಲಿದೆ. ಸತ್ತವನ ಮನೆಗೆ ನೆರೆಯ ನಾಲ್ಕು ಜನ ಬಂದು, ನಮ್ಮಲ್ಲಿ ಮಹಜರು ಬರೆಯುವ ಹಾಗೆ, ಕೋಣೆ ಕೋಣೆ ಹೊಕ್ಕು ಬೆಲೆ ಕಟ್ಟುತ್ತಿದ್ದರು. ಗರಿತುಂಬಿದ ಹಾಸಿಗೆ ಇಷ್ಟು, ಕಬ್ಬಿಣದ ಮಡಕೆ ಇಷ್ಟು, ಹಳೆಯ ಬೈಬಲ್ ಇಷ್ಟು. ವರ್ಜೀನಿಯಾ, ಮೇರಿಲ್ಯಾಂಡ್, ಕೆರೊಲಿನಾಗಳ ಪಟ್ಟಿಯಲ್ಲಿ ಕುದುರೆ ದನಗಳ ಆಸುಪಾಸಿನಲ್ಲೇ ಮನುಷ್ಯರು. ಬರೀ ಒಂಟಿ ಹೆಸರು, ಮುಂದೆ ಪೌಂಡಿನಲ್ಲಿ ಬೆಲೆ. ಮುದುಕರಾಗಿದ್ದರೆ ಸೊನ್ನೆ. ಉತ್ತರದ ಊರುಗಳಲ್ಲೇನೂ ಕಮ್ಮಿ ಇರಲಿಲ್ಲ, ಬಾಸ್ಟನ್, ನ್ಯೂಪೋರ್ಟ್‌ಗಳ ವ್ಯಾಪಾರಿ ಮನೆಗಳ ಪಟ್ಟಿಯಲ್ಲೂ ಇಂಥ ಸಾಲುಗಳಿವೆ. 1743ರಲ್ಲಿ ಅಪ್ಪ ತೀರಿಕೊಂಡಾಗ ಹನ್ನೊಂದು ವರ್ಷದ ಜಾರ್ಜ್ ವಾಷಿಂಗ್ಟನ್‌ಗೆ ಬಂದ ಪಾಲಿನಲ್ಲಿ ಫೆರಿ ಫಾರ್ಮ್ ಎಂಬ ಜಮೀನು ಇತ್ತು, ಹತ್ತು ಜನ ಗುಲಾಮರಿದ್ದರು.

ಈ ಉಯಿಲುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಒಕ್ಕಣೆ ಇದೆ. ಇಂಥ ಹೆಣ್ಣಾಳನ್ನು 'ಆಕೆಯ ಮುಂದಿನ ಸಂತಾನ ಸಮೇತ' ನನ್ನ ಮಗಳಿಗೆ ಕೊಟ್ಟಿದ್ದೇನೆ ಅಂತ. ಇನ್ನೂ ಹುಟ್ಟದ ಮಗುವಿಗೂ ಆಗಲೇ ಯಜಮಾನಿ ನಿಶ್ಚಯವಾಗಿದ್ದಾಳೆ. ಇದರ ಹಿಂದೆ ವರ್ಜೀನಿಯಾದ 1662ರ ಕಾನೂನು: ಮಗು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯಂತೆ. ಇಂಗ್ಲಿಷರಲ್ಲಿ ಹೆಸರು, ಜಮೀನು, ಕುಲ ಎಲ್ಲವೂ ಅಪ್ಪನಿಂದ ಬರುವಂಥವು. ಗುಲಾಮ ಹೆಂಗಸಿನ ಮಗುವಿಗೆ ಮಾತ್ರ ಆ ನಿಯಮ ತಿರುಗಿಬಿತ್ತು. ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಯಜಮಾನನೇ ಅಪ್ಪನಾದರೂ ಮಗು ಅವನ ಆಸ್ತಿಪಟ್ಟಿಗೇ ಸೇರಬೇಕಿತ್ತು, ವಾರಸುದಾರರ ಪಟ್ಟಿಗೆ ಸೇರಬಾರದಿತ್ತು. ವಂಶಶಾಸ್ತ್ರ ಎಂಬುದು ಬಿಡುವಿದ್ದವರ ಹವ್ಯಾಸ ಅನ್ನುವವರು ಈ ಒಂದು ಕಾನೂನನ್ನು ಓದಬೇಕು. ಯಾರು ಯಾರ ಮಕ್ಕಳು ಎಂಬ ಪ್ರಶ್ನೆಯ ಮೇಲೆಯೇ ಒಂದು ಆರ್ಥಿಕತೆ ನಿಂತಿತ್ತು.

*

ಈ ಹಿನ್ನೆಲೆಯಲ್ಲಿ ಮೂರು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ನನ್ನ ಉದ್ದೇಶ.

ಮೊದಲನೆಯದು ಅಲೆಕ್ಸ್ ಹೇಲಿಯ 'ರೂಟ್ಸ್', 1976ರದ್ದು. ಮರುವರ್ಷ ಜನವರಿಯಲ್ಲಿ ಟೀವಿಯಲ್ಲಿ ಬಂದಾಗ ಅಮೆರಿಕಕ್ಕೆ ಅಮೆರಿಕವೇ ಕೂತು ನೋಡಿತು. ಗ್ಯಾಂಬಿಯಾದ ಜುಫುರೆ ಎಂಬ ಹಳ್ಳಿಯ ಕುಂಟಾ ಕಿಂಟೆ 'ಲಾರ್ಡ್ ಲಿಗೋನಿಯರ್' ಎಂಬ ಹಡಗಿನಲ್ಲಿ 1767ರಲ್ಲಿ ಅನಾಪೊಲಿಸ್‌ಗೆ ಬಂದು, ವಾಲರ್ ಮನೆತನದ ಕೈಯಲ್ಲಿ 'ಟೋಬಿ'ಯಾಗುತ್ತಾನೆ. ಅವನ ಮಗಳು ಕಿಜಿ, ಅವಳಿಂದ ಮುಂದೆ ಏಳನೆಯ ತಲೆಮಾರಿಗೆ ಹೇಲಿ. ಕಾದಂಬರಿಯಂತೆ ಬರೆದರೂ ಇದು ನನ್ನ ಮನೆತನದ ನಿಜ, ಕಾಗದಗಳಿವೆ, ಅಂತಲೇ ಲೇಖಕ ಹೇಳಿಕೊಂಡ. ಆ ಮಾತಿಗೆ ಪರೀಕ್ಷೆ ಬಂದದ್ದು 1981ರಲ್ಲಿ. ಗ್ಯಾರಿ ಮಿಲ್ಸ್ ಮತ್ತು ಎಲಿಜಬೆತ್ ಶೋನ್ ಮಿಲ್ಸ್ ದಂಪತಿ ವರ್ಜೀನಿಯಾದ ಉಯಿಲು, ಕ್ರಯಪತ್ರ, ತೆರಿಗೆ ಪಟ್ಟಿಗಳನ್ನೆಲ್ಲ ಹರವಿಕೊಂಡು ಕೂತರು. ವಾಲರ್‌ಗಳ ಕಡೆಯ ಟೋಬಿ ಆ ಹಡಗು ಬರುವುದಕ್ಕಿಂತ ವರ್ಷಗಳ ಮುಂಚೆಯೇ ದಾಖಲೆಯಲ್ಲಿ ಇದ್ದ. ಕಿಜಿ ಹುಟ್ಟಿದಳೆನ್ನುವ ವರ್ಷಕ್ಕೆ ಮುಂಚೆಯೇ ದಾಖಲೆಯಿಂದ ಕಾಣೆಯಾಗಿದ್ದ. ಕಾಗದದ ಸೇತುವೆ ಕುಸಿಯಿತು.

ಈ ಪ್ರಕರಣವನ್ನು ಎರಡು ರೀತಿ ಓದುವವರಿದ್ದಾರೆ. ಒಬ್ಬರು 'ನೋಡಿ, ಹೇಲಿ ಸುಳ್ಳುಗಾರ' ಅಂತ ಪುಸ್ತಕ ಮುಚ್ಚುತ್ತಾರೆ. ಇನ್ನೊಬ್ಬರು 'ಭಾವನೆ ನಿಜ ತಾನೇ, ದಾಖಲೆ ಏತಕ್ಕೆ' ಅನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಭಾವನೆ ಸಾಕು ಅನ್ನುವುದಾದರೆ ಕಾಗದ ಇದೆ ಅಂತ ಹೇಳುವ ಅಗತ್ಯವೇ ಇರಲಿಲ್ಲ. ಕಾಗದ ಇದೆ ಅಂದ ಮೇಲೆ ಗುಸ್ತಾವ್ ಆಂಜುವಿಗೆ ಹಾಕಿದ ತಕ್ಕಡಿಯನ್ನೇ ಇಲ್ಲೂ ಹಾಕಬೇಕು. ಆದರೆ ಹೇಲಿ ಯಾವ ಗೋಡೆಗೆ ತಲೆ ಚಚ್ಚಿಕೊಂಡ ಎಂಬುದನ್ನೂ ನೋಡಬೇಕಲ್ಲ! 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಪ್ರತ್ಯೇಕ ಪಟ್ಟಿ: ಯಜಮಾನನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ. ಹೆಸರು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ಬಿಡುಗಡೆಯಾದವರೆಲ್ಲ ಹೆಸರು ಸಮೇತ ಮೊದಲ ಸಲ ಕಾಣಿಸಿಕೊಂಡದ್ದು 1870ರ ಗಣತಿಯಲ್ಲಿ. ಅದಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ದಾರಿ ಒಂದೇ, ಯಜಮಾನನ ವಂಶವನ್ನು ಮೊದಲು ಹುಡುಕಿ, ಅವನ ಉಯಿಲಿನಲ್ಲಿ ತಮ್ಮ ಅಜ್ಜಿಯನ್ನು ಹುಡುಕುವುದು. ತನ್ನ ತಾಯಿಬೇರಿಗೆ ಹೋಗಲು ಅವಳನ್ನು ಮಾರಿದವನ ಮನೆಯ ಮೂಲಕವೇ ಹಾಯಬೇಕು. 'ರೂಟ್ಸ್' ಈ ದಾರಿಯ ಕಷ್ಟವನ್ನು ಬರೆಯುವ ಬದಲು ಅದನ್ನು ಹಾರಿ ದಾಟಿತು. ಅದರ ನಿಜವಾದ ಸೋಲು ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಹಾಗಿದ್ದೂ ಲಕ್ಷಾಂತರ ಕಪ್ಪು ಕುಟುಂಬಗಳು ಕೋರ್ಟಿನ ದಫ್ತರಗಳ ಕಡೆ ಹೊರಟದ್ದು ಈ ಪುಸ್ತಕ ಓದಿಯೇ. ಪುಸ್ತಕ ತಪ್ಪು ವಿಳಾಸ ಕೊಟ್ಟಿತು, ಆದರೆ ಊರಿಗೆ ಹೊರಡಿಸಿತು.

ಎರಡನೆಯದು ಎಡ್ವರ್ಡ್ ಬಾಲ್ ಬರೆದ 'ಸ್ಲೇವ್ಸ್ ಇನ್ ದಿ ಫ್ಯಾಮಿಲಿ', 1998ರದ್ದು. ಇಲ್ಲಿ ಬರೆಯುತ್ತಿರುವವನು ಯಜಮಾನರ ಮನೆಯವನು. ಎಲಿಯಾಸ್ ಬಾಲ್ ಎಂಬ ಹುಡುಗ ಸಂಬಂಧಿಕರ ಆಸ್ತಿಯಲ್ಲಿ ಪಾಲು ಬಂತೆಂದು 1698ರಲ್ಲಿ ಇಂಗ್ಲೆಂಡಿನ ಡೆವನ್‌ನಿಂದ ದಕ್ಷಿಣ ಕೆರೊಲಿನಾಕ್ಕೆ ಬಂದ. ಅಲ್ಲಿಂದ 1865ರವರೆಗೆ ಕೂಪರ್ ನದಿಯ ದಂಡೆಯಲ್ಲಿ ಆ ಮನೆತನದವರು ಭತ್ತ ಬೆಳೆಸಿದರು, ಇಪ್ಪತ್ತಕ್ಕೂ ಹೆಚ್ಚು ತೋಟಗಳು, ಒಟ್ಟು ಸುಮಾರು 4,000 ಗುಲಾಮರು. ಮನೆಯವರು ಕಾಗದ ಬಿಸಾಡುವವರಲ್ಲ. ಉಯಿಲು, ಲೆಕ್ಕದ ಪುಸ್ತಕ, ಗುಲಾಮರಿಗೆ ಹುಟ್ಟಿದ ಮಕ್ಕಳ ಪಟ್ಟಿ, ಕಂಬಳಿ ಹಂಚಿದ ಲೆಕ್ಕ, ಎಲ್ಲವೂ ಉಳಿದಿದೆ. ಆ ಹೆಮ್ಮೆಯ ಕಾಗದಗಳನ್ನೇ ಮೊಮ್ಮಗ ತಿರುಗಿಸಿ ಓದಿದ. ತನ್ನ ತಾತಂದಿರ ಹೆಸರು ಬಿಟ್ಟು ಉಳಿದ ಹೆಸರುಗಳನ್ನು ಹಿಡಿದು, ಅವರ ವಂಶದವರು ಎಲ್ಲಿದ್ದಾರೆ ಅಂತ ಮನೆ ಮನೆ ಹುಡುಕಿಕೊಂಡು ಹೋದ.

ಅಲ್ಲಿ ಸಿಕ್ಕವಳು ಪ್ರಿಸಿಲ್ಲಾ. 1756ರಲ್ಲಿ ಸಿಯೆರಾ ಲಿಯೋನ್‌ನಿಂದ 'ಹೇರ್' ಎಂಬ ಹಡಗಿನಲ್ಲಿ ಬಂದ ಮಗು. ಹಡಗು ರೋಡ್ ಐಲೆಂಡಿನದು. ಕೊಂಡವನು ಇನ್ನೊಬ್ಬ ಎಲಿಯಾಸ್ ಬಾಲ್, ಮೊದಲಿನವನ ಮಗ. ಅವನು ತನ್ನ ಲೆಕ್ಕದ ಪುಸ್ತಕದಲ್ಲಿ ಅವಳಿಗೆ ಹೆಸರಿಟ್ಟ, ವಯಸ್ಸು ಹತ್ತಿರಬಹುದು ಅಂತ ಅಂದಾಜು ಬರೆದ. ಆ ಒಂದು ಸಾಲಿನಿಂದ ಇವತ್ತಿನ ಮನೆಯವರೆಗೆ ಸರಪಳಿ ಎಲ್ಲೂ ತುಂಡಾಗದೆ ಬಂದಿದೆ. ಹೇಲಿ ಬಯಸಿದ್ದೂ ಇದನ್ನೇ, ಹಡಗಿನಿಂದ ಮನೆಯವರೆಗೆ ಒಂದು ದಾರಿ. ಅದು ಸಿಕ್ಕಿದ್ದು ಕೊಂಡವನ ಪುಸ್ತಕದಲ್ಲಿ. ಪ್ರಿಸಿಲ್ಲಾಳ ತಾಯಿ ಅವಳನ್ನು ಏನೆಂದು ಕರೆಯುತ್ತಿದ್ದಳೋ, ಅದನ್ನು ಬರೆದಿಡಲು ಆ ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ.

ಬಾಲ್‌ನ ಪುಸ್ತಕದ ಬಗ್ಗೆ ನನಗಿರುವ ಅಸಮಾಧಾನ ಸಣ್ಣದು, ಆದರೂ ಹೇಳಬೇಕು. ಅವನ ಸಂಕೋಚ ಎಷ್ಟೋ ಕಡೆ ದಾಖಲೆಗಿಂತ ಮುಂದೆ ಬಂದು ನಿಲ್ಲುತ್ತದೆ. ಎದುರು ಕೂತವರ ಮಾತನ್ನು ಕೇಳುವಾಗಲೂ ಅವನ ಕಿವಿ ತನ್ನ ಮನೆತನದ ಲೆಕ್ಕ ಚುಕ್ತಾ ಆಯಿತೇ ಎಂಬುದರ ಮೇಲಿರುತ್ತದೆ. ಅವನ ಬಳಿ ಕಾಗದ ಇತ್ತು, ಅವರ ಬಳಿ ನೆನಪಿತ್ತು. ಎರಡೂ ಸೇರಿದ ಕಡೆಯಲ್ಲೆಲ್ಲ ಪುಸ್ತಕ ಎತ್ತರಕ್ಕೆ ಏರುತ್ತದೆ. ಅವನೊಬ್ಬನೇ ತನ್ನ ಅಂತಃಸಾಕ್ಷಿಯ ಜೊತೆ ಮಾತಾಡುವ ಕಡೆ ಸ್ವಲ್ಪ ಎಳೆದ ಹಾಗಾಗುತ್ತದೆ. ಇಷ್ಟಾದರೂ, ಉಯಿಲಿನ ಎರಡನೆಯ ಪಟ್ಟಿಯನ್ನು ಮನೆಯ ಮಗನೇ ಓದಿ ಹೇಳಿದ ಧೈರ್ಯ ದೊಡ್ಡದು.

ಮೂರನೆಯದು, ನನ್ನ ಲೆಕ್ಕದಲ್ಲಿ ಮೂರರಲ್ಲಿ ಶ್ರೇಷ್ಠವಾದದ್ದು, ಆನೆಟ್ ಗಾರ್ಡನ್-ರೀಡ್ ಅವರ 'ದಿ ಹೆಮಿಂಗ್ಸಸ್ ಆಫ್ ಮಾಂಟಿಚೆಲೊ', 2008ರದ್ದು. ಕಥೆ ಒಂದು ಹಂಚಿಕೆಯಿಂದ ಶುರು. 1773ರಲ್ಲಿ ಜಾನ್ ವೇಲ್ಸ್ ಎಂಬ ವರ್ಜೀನಿಯಾದ ಶ್ರೀಮಂತ ಸತ್ತ. ಅವನ ಮಗಳು ಮಾರ್ಥಾ, ಥಾಮಸ್ ಜೆಫರ್ಸನ್‌ನ ಹೆಂಡತಿ. ಅಪ್ಪನ ಆಸ್ತಿಯಲ್ಲಿ ಅವಳ ಪಾಲಿಗೆ ಎಲಿಜಬೆತ್ ಹೆಮಿಂಗ್ಸ್ ಎಂಬ ಗುಲಾಮ ಹೆಂಗಸೂ ಅವಳ ಮಕ್ಕಳೂ ಬಂದರು. ಆ ಮಕ್ಕಳಲ್ಲಿ ಕೆಲವರಿಗೆ ವೇಲ್ಸನೇ ಅಪ್ಪ. ಎಲ್ಲರಿಗಿಂತ ಚಿಕ್ಕವಳು, ಆ ವರ್ಷವೇ ಹುಟ್ಟಿದ ಸ್ಯಾಲಿ. ಅಂದರೆ ಅಕ್ಕನ ಪಾಲಿಗೆ ತಂಗಿ ಬಂದಳು. 1662ರ ಕಾನೂನು ಏನು ಅಂತ ನಾನು ಮೇಲೆ ಅಷ್ಟುದ್ದ ಹೇಳಿದ್ದನ್ನು ಈ ಒಂದು ಹಂಚಿಕೆ ಒಂದೇ ಮಾತಿನಲ್ಲಿ ಹೇಳುತ್ತದೆ.

ಮುಂದೆ ಜೆಫರ್ಸನ್‌ನ ಉಯಿಲು, 1826ರ ಮಾರ್ಚ್ ತಿಂಗಳದು. ಆ ವರ್ಷ ಜುಲೈ 4ಕ್ಕೆ ಆತ ತೀರಿಕೊಂಡ. ಉಯಿಲಿನಲ್ಲಿ ಐವರಿಗೆ ಬಿಡುಗಡೆ: ಬರ್ವೆಲ್, ಬಡಗಿ ಜಾನ್ ಹೆಮಿಂಗ್ಸ್, ಕಮ್ಮಾರ ಜೋ ಫಾಸೆಟ್, ಮತ್ತು ಮ್ಯಾಡಿಸನ್, ಈಸ್ಟನ್ ಎಂಬ ಇಬ್ಬರು ಹುಡುಗರು. ಕೊನೆಯ ಇಬ್ಬರೂ ಸ್ಯಾಲಿಯ ಮಕ್ಕಳು. ಸ್ಯಾಲಿಯ ಹೆಸರು ಉಯಿಲಿನಲ್ಲಿ ಇಲ್ಲ. ಅಧ್ಯಕ್ಷನಾಗಿದ್ದವನ ಉಯಿಲು ಎಲ್ಲರೂ ಓದುವಂಥದ್ದು, ಆ ಹೆಸರು ಅಲ್ಲಿ ಕಾಣಿಸಿದ್ದರೆ ಗುಲ್ಲೇಳುತ್ತಿತ್ತು. ಆಕೆಯನ್ನು ಜೆಫರ್ಸನ್‌ನ ಮಗಳು ಕಾಗದವಿಲ್ಲದೆ ಸುಮ್ಮನೆ ಹೋಗಲು ಬಿಟ್ಟಳು. ಗಾರ್ಡನ್-ರೀಡ್ ವಕೀಲಿ ಓದಿದವರು, ಇಲ್ಲದ ಹೆಸರನ್ನು ಸಾಕ್ಷಿಯಾಗಿ ಹೇಗೆ ಓದಬೇಕು ಅಂತ ಅವರಿಗೆ ಗೊತ್ತು. ಮ್ಯಾಡಿಸನ್ ಹೆಮಿಂಗ್ಸ್ 1873ರಲ್ಲಿ ಓಹಾಯೊದ ಪತ್ರಿಕೆಯೊಂದರಲ್ಲಿ ಜೆಫರ್ಸನ್ ನನ್ನ ಅಪ್ಪ ಅಂತ ಹೇಳಿದ್ದ. ಜೆಫರ್ಸನ್‌ನ ಮೊಮ್ಮಕ್ಕಳು, ಅಲ್ಲ, ತಾತನ ಅಕ್ಕನದೋ ತಂಗಿಯದೋ ಮಕ್ಕಳ ಕೆಲಸ ಅದು, ಅಂದಿದ್ದರು. ಎರಡೂ ಮನೆಯೊಳಗಿನ ಮಾತು. ಆದರೆ ನೂರು ವರ್ಷ ವಿದ್ವಾಂಸರು ಒಂದನ್ನು ಸಾಕ್ಷಿ ಅಂದರು, ಇನ್ನೊಂದನ್ನು ಕಟ್ಟುಕಥೆ ಅಂದರು. ಈ ಎರಡು ಅಳತೆಗೋಲನ್ನು ಗಾರ್ಡನ್-ರೀಡ್ 1997ರ ತಮ್ಮ ಮೊದಲ ಪುಸ್ತಕದಲ್ಲೇ ಬಯಲಿಗೆಳೆದಿದ್ದರು. ಮರುವರ್ಷ ಡಿಎನ್‌ಎ ಪರೀಕ್ಷೆ ಬಂತು. ಈಸ್ಟನ್ ವಂಶದವರ ರಕ್ತ ಜೆಫರ್ಸನ್ ವಂಶಕ್ಕೆ ಹೊಂದಿತು, ಆ ಸೋದರಳಿಯಂದಿರ ವಂಶಕ್ಕೆ ಹೊಂದಲಿಲ್ಲ.

ಈ ಪುಸ್ತಕ ಓದಿದ ಮೇಲೆ ನನ್ನ ತಲೆಯಲ್ಲಿ ಉಳಿದವರು ಮಾತ್ರ ಜೋ ಫಾಸೆಟ್ ಮತ್ತು ಅವನ ಹೆಂಡತಿ ಈಡಿತ್. ಅವಳು ಮಾಂಟಿಚೆಲೊದ ಅಡಿಗೆಮನೆಯ ಹಿರಿಯಳು. ಉಯಿಲಿನ ಪ್ರಕಾರ ಜೋಗೆ ಬಿಡುಗಡೆ, ಆದರೆ ಯಜಮಾನ ಸತ್ತು ಒಂದು ವರ್ಷ ಕಳೆದ ಮೇಲೆ. ಜೆಫರ್ಸನ್ ಬಿಟ್ಟುಹೋದದ್ದು ಬೆಟ್ಟದಂಥ ಸಾಲ. ಆರೇ ತಿಂಗಳಿಗೆ, 1827ರ ಜನವರಿಯಲ್ಲಿ, 130 ಜನರನ್ನು ಹರಾಜಿಗಿಟ್ಟರು. ಈಡಿತ್, ಮಕ್ಕಳು ಎಲ್ಲರೂ ಆ ಹರಾಜಿನಲ್ಲಿ ಬೇರೆ ಬೇರೆ ಕೈ ಸೇರಿದರು. ಗಂಡನಿಗೆ ಇನ್ನೂ ಬಿಡುಗಡೆಯ ದಿನ ಬಂದಿರಲಿಲ್ಲ. ಆಮೇಲೆ ಅವನು ಹತ್ತು ವರ್ಷ ಕುಲುಮೆಯಲ್ಲಿ ದುಡಿದು ಹೆಂಡತಿಯನ್ನೂ ಕೆಲವು ಮಕ್ಕಳನ್ನೂ ಬಿಡಿಸಿಕೊಂಡ. ಎಲ್ಲರನ್ನೂ ಬಿಡಿಸಿಕೊಳ್ಳಲಾಗಲಿಲ್ಲ. ಜೆಫರ್ಸನ್ ಔದಾರ್ಯಕ್ಕೆ ಸಾಕ್ಷಿಯೆಂದು ತೋರಿಸುವ ಸಾಲಿನಲ್ಲೇ ಒಂದು ಸಂಸಾರ ಒಡೆದಿದೆ. ಹೆಸರು ಹೆಕ್ಕುವ ಓದಿಗೆ ಇದು ಕಾಣುವುದಿಲ್ಲ, ಯಾಕೆಂದರೆ ಈಡಿತ್ ಆ ಸಾಲಿನಲ್ಲಿಲ್ಲ.

*

ಹಾಗಾದರೆ ವಂಶ ಹುಡುಕುವುದೇ ಬೇಡವೇ? ಬೇಡ ಅನ್ನುವವನು ನಾನಲ್ಲ. ಭೈರಪ್ಪನವರ 'ವಂಶವೃಕ್ಷ'ದ ಶ್ರೀನಿವಾಸ ಶ್ರೋತ್ರಿಗಳನ್ನು ಕಂಡ ಕನ್ನಡದ ಓದುಗರಿಗೆ, ತಾನು ಯಾವ ಮರದ ಕೊಂಬೆ ಅಂದುಕೊಂಡಿದ್ದೇನೋ ಆ ಮರದವನೇ ಅಲ್ಲ ಎಂದು ತಿಳಿಯುವ ಸಂಕಟ ಹೊಸದಲ್ಲ. ಮರ ಸುಳ್ಳಾದರೆ ಕುಲದ ಹೆಮ್ಮೆಗೆ ಪೆಟ್ಟು, ಸರಿ. ಹೆಮಿಂಗ್ಸ್, ಫಾಸೆಟ್ ಮೊಮ್ಮಕ್ಕಳ ಸಂಕಟ ಇದರಾಚೆಯದು. ಅವರಿಗೆ ಬೇಕಾದದ್ದು ಕುಲದ ಹೆಮ್ಮೆಯಲ್ಲ, 'ನಮ್ಮವರು ಇಂಥ ಕಡೆ ಇದ್ದರು, ಅವರಿಗೆ ಇಂಥ ಹೆಸರಿತ್ತು' ಅನ್ನುವಷ್ಟು ಸಣ್ಣ ಸಂಗತಿ. ಅದು ಸಿಗುವುದು ಇನ್ನೊಬ್ಬರ ಮನೆಯ ಪೆಟ್ಟಿಗೆಯಲ್ಲಿ.

ಅದಕ್ಕೇ ಜೇಕಬಸ್ ಪಂಥದ ಶಿಸ್ತು ಇವತ್ತು ಹೆಚ್ಚು ಬೇಕಾಗಿದೆ. ಮೂಲ ಕಾಗದ ನೋಡು ಅನ್ನುವ ನಿಯಮಕ್ಕೆ ಇನ್ನೊಂದು ಸೇರಿಸಿಕೊಂಡರೆ ಆಯಿತು: ಪೂರ್ತಿ ನೋಡು. ತಾತನ ಉಯಿಲು ಸಿಕ್ಕವರು ಅದರಲ್ಲಿ ಹಂಚಿಹೋದ ಮನುಷ್ಯರ ಹೆಸರನ್ನೂ, ಯಾರ ಪಾಲಿಗೆ ಹೋದರು ಎಂಬುದನ್ನೂ ಬರೆದು ಎಲ್ಲರಿಗೂ ಸಿಗುವಂತೆ ಇಡಬೇಕು. ಇದು ಪ್ರಾಯಶ್ಚಿತ್ತ ಅಂತೇನೂ ಅಲ್ಲ, ಕಾಗದವನ್ನು ನೆಟ್ಟಗೆ ಓದುವ ಕೆಲಸ ಅಷ್ಟೇ. ಪ್ಯೂರಿಟನ್ ತಾತಂದಿರಿಗಾಗಿ 1845ರಲ್ಲಿ ಹುಟ್ಟಿದ ಬಾಸ್ಟನ್ನಿನ ಆ ಸೊಸೈಟಿಯೇ 2023ರಲ್ಲಿ '10 ಮಿಲಿಯನ್ ನೇಮ್ಸ್' ಎಂಬ ಕೆಲಸ ಹಿಡಿದಿದೆ. ಅಮೆರಿಕದ ನೆಲದಲ್ಲಿ ಗುಲಾಮರಾಗಿದ್ದ ಸುಮಾರು ಒಂದು ಕೋಟಿ ಜನರ ಹೆಸರುಗಳನ್ನು ಹೆಕ್ಕಿ ತೆಗೆಯುವುದು ಅದರ ಗುರಿ. ಆ ಹೆಸರುಗಳಲ್ಲಿ ಬಹಳಷ್ಟು ಈಗಾಗಲೇ ಯಾರದೋ ಮನೆಯ ವಂಶಾವಳಿಯ ಕಡತದಲ್ಲಿ ಕೂತಿವೆ. ತಾತನ ಸಾಲಿಗೆ ಹಳದಿ ಬಣ್ಣ ಬಳಿದು ಗುರುತು ಮಾಡಿದ್ದಾರೆ. ಅದರ ಕೆಳಗಿನ ಸಾಲನ್ನು ಯಾರೂ ಟೈಪ್ ಮಾಡಿಲ್ಲ.